ಶರಣರ ಉಡುಗೆ: ಹೊಲಿಸುವ ಮುನ್ನ ಓದಬೇಕಾದ ಗ್ರಂಥಗಳು

ಬಸವ ಜಯಂತಿ ಸಮೀಪಿಸಿತೆಂದರೆ ಕವಿತಾಳ, ಮಾನ್ವಿ, ದೇವದುರ್ಗಗಳ ಮನೆಗಳಲ್ಲಿ ಮಕ್ಕಳಿಗೆ ಶರಣರ ವೇಷ ತೊಡಿಸುವ ಸಡಗರ ಮೊದಲಾಗುತ್ತದೆ. ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನವರು ನೇಯ್ಗೆಯನ್ನೇ ಕಾಯಕವಾಗಿ ಕೈಕೊಂಡವರು. ಅಂಥವರ ಪಾತ್ರಕ್ಕೆ ಮಿರುಗುವ ನೈಲಾನ್ ಜರಿಯನ್ನು ಹೊದಿಸಿದರೆ, ಮಗು ಕಲಿಯುವುದು ಕಾಯಕವನ್ನಲ್ಲ, ಆಡಂಬರವನ್ನು. ಆದುದರಿಂದ ಅಂದಿನ ಉಡುಗೆಯನ್ನರಿಯಲು ನೆರವಾಗುವ ಕೆಲವು ಗ್ರಂಥಗಳನ್ನು ಇಲ್ಲಿ ಸೂಚಿಸಬಯಸುತ್ತೇವೆ.

ಮೊದಲನೆಯದು ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಆತನ ಆಳ್ವಿಕೆ 1126ರಿಂದ 1138ರವರೆಗೆ. ಶರಣರು ಕಲ್ಯಾಣದಲ್ಲಿ ನೆರೆದುದಕ್ಕೆ ಒಂದು ತಲೆಮಾರಿನಷ್ಟೇ ಹಿಂದೆ. ಇದರ 'ವಸ್ತ್ರೋಪಭೋಗ' ಪ್ರಕರಣದಲ್ಲಿ ಹತ್ತಿ, ರೇಷ್ಮೆ, ಉಣ್ಣೆಗಳ ವಿವರವೂ ಬಣ್ಣಗಳ ಹೆಸರೂ ಋತುವಿಗೆ ತಕ್ಕ ಉಡುಪಿನ ಕ್ರಮವೂ ಇವೆ. ಬರೋಡೆಯ ಗಾಯಕವಾಡ ಗ್ರಂಥಮಾಲೆಯ ಎರಡನೆಯ ಸಂಪುಟದಲ್ಲಿ (1939) ಇದು ದೊರೆಯುತ್ತದೆ. ಆದರೆ ಇದು ಅರಸನ ಭೋಗದ ವರ್ಣನೆ. ಬಿಜ್ಜಳನ ಪಾತ್ರಕ್ಕೆ ಒಪ್ಪುವುದು ಮಡಿವಾಳ ಮಾಚಿದೇವರಿಗೆ ಒಪ್ಪದು.

ಸಂಸ್ಕೃತ ಬಾರದವರು ಡಾ. ಜ್ಯೋತ್ಸ್ನಾ ಕಾಮತರ 1980ರ ಇಂಗ್ಲಿಷ್ ಗ್ರಂಥ 'ಸೋಷಿಯಲ್ ಲೈಫ್ ಇನ್ ಮಿಡೀವಲ್ ಕರ್ನಾಟಕ'ವನ್ನು ನೋಡಬಹುದು. ಕಾಲೇಜು ಕಲಿತ ಮಕ್ಕಳು ಅದರ ಉಡುಗೆ ತೊಡುಗೆಯ ಭಾಗವನ್ನು ಓದಿ ಮನೆಯವರಿಗೆ ತಿಳಿಸಲಿ.

ಶಿಲ್ಪವನ್ನು ನೋಡಿ ಉಡುಗೆಯನ್ನು ಗುರುತಿಸುವ ಬಗೆಯನ್ನು ರೋಶನ್ ಅಲ್ಕಾಜಿಯವರ 'ಏನ್ಶಿಯಂಟ್ ಇಂಡಿಯನ್ ಕಾಸ್ಟ್ಯೂಮ್' (1983) ರೇಖಾಚಿತ್ರಗಳೊಡನೆ ತೋರಿಸುತ್ತದೆ. ಅದರ ಕಾಲ ಶರಣರಿಗಿಂತ ಹಿಂದಿನದು, ಕಲಿಯಬೇಕಾದುದು ವಿಧಾನವನ್ನು. ಸೀರೆ ಉಡುವ ನಾನಾ ಕ್ರಮಗಳಿಗೆ ಶಾಂತಾಲ್ ಬುಲಾಂಜೆಯವರ 'ಸಾರೀಸ್' (1997) ಉಪಯುಕ್ತ. ಅದು ಇಂದಿನ ರೂಢಿಯ ದಾಖಲೆಯೆಂಬುದನ್ನು ಮಾತ್ರ ಮರೆಯಬಾರದು.

ಓದಿದ ಮೇಲೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಪ್ರಾಚೀನ ಗುಡಿಗಳನ್ನು ಮಕ್ಕಳೊಡನೆ ನೋಡಿಬನ್ನಿರಿ. ದೇವತೆಗಳ ಆಭರಣವನ್ನು ಜನರ ಉಡುಗೆಯೆಂದು ಭಾವಿಸದಿರಿ. ಸಾಮಾನ್ಯರ ಉಡುಗೆಯನ್ನು ವೀರಗಲ್ಲುಗಳಲ್ಲಿ ಹುಡುಕಿರಿ.

ಇನ್ನು ಸಿದ್ಧಪಡಿಸುವ ಮಾತು. ಕೈಮಗ್ಗದ ಹತ್ತಿಯ ಒಂದು ಧೋತರ, ಒಂದು ಹೊದಿಕೆ ಬಹುಪಾಲು ಪಾತ್ರಗಳಿಗೆ ಸಾಕು. ಹೊಲಿಗೆ ಅಂದು ಇರಲೇ ಇಲ್ಲವೆನ್ನುವಂತಿಲ್ಲ. ಸೂಜಿಕಾಯಕದ ರಾಮಿತಂದೆ ಎಂಬ ಶರಣರ ಹೆಸರೇ ಅದಕ್ಕೆ ಸಾಕ್ಷಿ. ಕಣ್ಣು ಕುಕ್ಕುವ ರಾಸಾಯನಿಕ ಬಣ್ಣಗಳು 1856ರಿಂದೀಚೆಗೆ ಬಂದವು. ಬಿಳಿ, ಅರಿಸಿನ, ಮಂಜಿಷ್ಠದ ಕೆಂಪು, ನೀಲಿಗಳನ್ನು ಆರಿಸಿಕೊಳ್ಳುವುದು ಲೇಸು.

ಹೀಗೆ ಮಾಡಿದರೆ ಖರ್ಚೂ ಕಡಿಮೆ, ನೇಕಾರನಿಗೂ ಅನ್ನ. ವೇದಿಕೆಯ ಮೇಲೆ ನಿಂತ ಮಗುವಿಗೆ, ತಾನು ಉಟ್ಟ ಬಟ್ಟೆಯನ್ನು ನೇಯ್ದ ಕೈಯ ನೆನಪಾಗುವುದೇ ಆ ವೇಷದ ಸಾರ್ಥಕತೆ.