ಗೃಹಸ್ಥರ ಮೋಟಾರು: ಗಾಡಿಯಡಿಯ ಕೆಂಡ

ಸುಗ್ಗಿಯ ದಿನಗಳಲ್ಲಿ ಕನಕಪುರದಿಂದ ದೊಡ್ಡಆಲಹಳ್ಳಿಯ ಮಾರ್ಗವಾಗಿ ಸಂಗಮಕ್ಕೆ ಹೊರಟ ಗೃಹಸ್ಥರು ನಮ್ಮ ಸೀಮೆಯ ಹಳ್ಳಿಗಳ ರಸ್ತೆಗಳಲ್ಲಿ ಹುರುಳಿಯನ್ನೋ ರಾಗಿಯನ್ನೋ ಹರಡಿರುವುದನ್ನು ಕಂಡಿರಬಹುದು. ಓಡಾಡುವ ಗಾಡಿಗಳ ಚಕ್ರದಿಂದಲೇ ಒಕ್ಕಣೆಯಾಗಲೆಂಬುದು ರೈತನ ಎಣಿಕೆ. ಕಣಕ್ಕೆ ಆಳೂ ಎತ್ತೂ ದೊರೆಯದ ಈ ಕಾಲದಲ್ಲಿ ಅವನನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಆದರೆ ಆ ಹುಲ್ಲಿನ ಮೇಲೆ ಹಾಯುವ ಮೋಟಾರಿನ ಅಡಿಯಲ್ಲಿ ಕೆಂಡದಂತಹ ಅಂಗವೊಂದುಂಟು. ಅದನ್ನು ರೈತನೂ ಅರಿಯನು, ಎಷ್ಟೋ ವೇಳೆ ಗಾಡಿಯ ಒಡೆಯನೂ ಅರಿಯನು. ಆದುದರಿಂದ ಈ ತಿಂಗಳು ಅದರ ವಿಚಾರವನ್ನೇ ಹೇಳುವೆವು.

ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಈ ಅಂಗವು ಹೊಗೆಕೊಳವೆಗೆ ಸೇರಿಸಿದ ಒಂದು ಉಕ್ಕಿನ ಡಬ್ಬಿ. ಒಳಗೆ ಜೇನುಹಟ್ಟಿಯಂತೆ ರಂಧ್ರಗಳುಳ್ಳ ಪಿಂಗಾಣಿ. ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪ. ಎಂಜಿನ್ನಿನ ವಿಷವಾಯುಗಳು ಇಲ್ಲಿ ಬಹುಮಟ್ಟಿಗೆ ನಿರಪಾಯವಾಗಿ ಮಾರ್ಪಡುವುವು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯಮಾಡಿದರು. ಪೆಟ್ರೋಲಿನಲ್ಲಿದ್ದ ಸೀಸವು ಈ ಲೇಪಕ್ಕೆ ಮೃತ್ಯುವಾಗಿದ್ದಿತು; 2000ದಲ್ಲಿ ದೇಶದಲ್ಲೆಲ್ಲಾ ಸೀಸರಹಿತ ಪೆಟ್ರೋಲ್ ಬಂದು ಆ ಭಯವು ತೊಲಗಿತು. ಉಳಿದಿರುವುದು ಅತಿಶಾಖದ ಭಯ.

ಕೆಲಸಮಾಡುವಾಗ ಈ ಡಬ್ಬಿಯು ಸಾಧಾರಣವಾಗಿ 400ರಿಂದ 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುವುದು. ಅದು ಅದರ ಧರ್ಮ. ಅದರಿಂದ ಅದಕ್ಕೆ ಕೇಡಿಲ್ಲ. ಕೇಡು ಬರುವುದು ಎಂಜಿನ್ನಿನಿಂದ. ಸ್ಪಾರ್ಕ್ ಪ್ಲಗ್ಗೋ ಕಾಯಿಲೋ ಕೆಟ್ಟು ಎಂಜಿನ್ ಮಿಸ್ ಹೊಡೆಯತೊಡಗಿದರೆ, ಅಲ್ಲಿ ಉರಿಯದ ಪೆಟ್ರೋಲು ಈ ಡಬ್ಬಿಗೆ ಬಂದು ಉರಿಯುವುದು. ಶಾಖವು 1000 ಡಿಗ್ರಿಯನ್ನು ಮೀರಿದರೆ ಲೇಪವು ಕೆಡುವುದು. ಇನ್ನೂ ಏರಿದರೆ ಪಿಂಗಾಣಿಯೇ ಕರಗಿ ಹೊಗೆಯ ದಾರಿಯು ಕಟ್ಟಿಹೋಗುವುದು. ಆಗ ಗಾಡಿಯು ಏರಿನಲ್ಲಿ ಎಳೆಯದು. ಮೂಲರೋಗವನ್ನು ಬಿಟ್ಟು ಡಬ್ಬಿಯನ್ನು ಮಾತ್ರ ಬದಲಾಯಿಸಿದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುವುದು.

ಆದುದರಿಂದ ಎಂಜಿನ್ನಿನ ದೀಪವು ಮಿನುಗತೊಡಗಿದೊಡನೆ ವೇಗವನ್ನು ತಗ್ಗಿಸಿ, ತಡಮಾಡದೆ ರಿಪೇರಿ ಮಾಡಿಸತಕ್ಕದ್ದು. ಒಂದೆರಡು ಸಲಕ್ಕೆ ಹೊತ್ತಿಕೊಳ್ಳದ ಗಾಡಿಯನ್ನು ಊರುದ್ದ ತಳ್ಳಿಸತಕ್ಕದ್ದಲ್ಲ. ಪ್ರತಿ ನೂಕಿಗೂ ಹಸಿ ಪೆಟ್ರೋಲು ಡಬ್ಬಿಯನ್ನು ಸೇರುವುದು. ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ತಿಳಿದು ಸರಿಪಡಿಸಿಕೊಳ್ಳಬೇಕು. ಅದೂ ಲೇಪವನ್ನು ಮುಚ್ಚುವುದು. ಡಬ್ಬಿಯ ಸುತ್ತಣ ತಗಡಿನ ಮರೆಯು ಗಡಗಡ ಸದ್ದುಮಾಡುವುದೆಂದು ಕಿತ್ತೆಸೆಯಬಾರದು, ಬಿಗಿಸಬೇಕು.

ಇನ್ನು ಹುರುಳಿಯ ಮಾತು. ಅದರ ಬಳ್ಳಿಯು ಅಡಿಯಲ್ಲಿ ಸುತ್ತಿಕೊಂಡು ಕಾರುಗಳು ಸುಟ್ಟುಹೋದುದು ನಮ್ಮ ರಾಜ್ಯದಲ್ಲಿ ಉಂಟು. ಸಾಧ್ಯವಾದರೆ ಬಳಸಿ ಹೋಗಿರಿ. ಹಾಯಲೇಬೇಕಾದರೆ, ದಾಟಿದ ಮೇಲೆ ಬರಿಯ ನೆಲದಲ್ಲಿ ನಿಲ್ಲಿಸಿ, ಬಗ್ಗಿ ನೋಡಿರಿ. ಕೈಹಾಕಬೇಡಿರಿ, ಉದ್ದನೆಯ ಕೋಲಿನಿಂದ ಎಳೆಯಿರಿ. ಸುಟ್ಟ ವಾಸನೆ ಬಂದರೆ ಎಂಜಿನ್ನನ್ನು ಆರಿಸಿ, ಮೊದಲು ಮಕ್ಕಳನ್ನೂ ಮುದುಕರನ್ನೂ ಇಳಿಸಿ ದೂರ ಕಳುಹಿಸಿರಿ. ಸಾಮಾನಿನ ಚಿಂತೆ ಆಮೇಲೆ. ಸಂಗಮದಲ್ಲಿ ನೆರಳಿನ ಆಸೆಗೆ ಒಣಹುಲ್ಲಿನ ಮೇಲೆ ಗಾಡಿಯನ್ನು ನಿಲ್ಲಿಸುವುದೂ ಇಂಥದೇ ಅವಿವೇಕ.

ರಸ್ತೆಯ ಮೇಲಿರುವುದು ಒಂದು ಮನೆಯ ವರ್ಷದ ದುಡಿಮೆ. ಗಾಡಿಯೊಳಗಿರುವುದು ಇನ್ನೊಂದು ಮನೆಯ ಮಕ್ಕಳುಮರಿ. ಒಂದು ಗಳಿಗೆ ನಿಂತು ಬಗ್ಗಿ ನೋಡಿದರೆ ಎರಡೂ ಉಳಿಯುವುವು.