ಬೆಟ್ಟದ ದಾರಿಯೂ ನೀರಿನ ದಾರಿಯೂ



ಕಳೆದ ಬೇಸಿಗೆಯಲ್ಲಿ ಅರಕಲಗೂಡು ಹಾಗೂ ಹೊಳೆನರಸೀಪುರದ ಕಡೆಯ ಕೆಲವು ತರುಣರು ನಮ್ಮನ್ನು ಕಾಣಲು ಬಂದಿದ್ದರು. ತಮ್ಮೂರ ಗುಡ್ಡಕ್ಕೆ ಚಾರಣಿಗರೂ ವಯಸ್ಸಾದವರೂ ನಿರಾಯಾಸವಾಗಿ ಏರಬಹುದಾದ ಕಾಲುದಾರಿಯೊಂದನ್ನು ಶ್ರಮದಾನದಿಂದ ನಿರ್ಮಿಸುವ ಸಂಕಲ್ಪ ಅವರದು. "ಎರಡು ಭಾನುವಾರ ಸಾಕು ಗುರುಗಳೇ, ನೆತ್ತಿಗೆ ನೇರವಾಗಿ ದಾರಿ ಕಡಿದುಬಿಡುತ್ತೇವೆ" ಎಂದರು. ಅವರ ಉತ್ಸಾಹ ಕಂಡು ಸಂತೋಷವಾಯಿತು. ಆದರೆ ಒಡನೆಯೇ ಹರಸಲು ಮನಸ್ಸು ಬಾರಲಿಲ್ಲ. ಅದಕ್ಕೆ ಕಾರಣವುಂಟು.

ವಿದ್ಯಾರ್ಥಿದೆಸೆಯಲ್ಲಿ ನಾವೂ ಸಹಪಾಠಿಗಳೊಡನೆ ಹಾಸನ ಸೀಮೆಯ ಗುಡ್ಡವೊಂದಕ್ಕೆ ಇಂಥದೇ ದಾರಿಯನ್ನು ಮಾಡಿದ್ದೆವು. ಹಾರೆ, ಗುದ್ದಲಿ, ಮಂಕರಿ ಹಿಡಿದು ಪೊದೆಗಳನ್ನು ಸವರಿ, ಬುಡದಿಂದ ನೆತ್ತಿಗೆ ಬಾಣದಂತೆ ನೇರವಾದ ದಾರಿ ತೆಗೆದೆವು. ಊರವರು ಹೊಗಳಿದರು; ನಾವು ಹಿಗ್ಗಿದೆವು. ಮುಂಗಾರಿನ ಮೊದಲ ಬಿರುಮಳೆಗೆ ಆ ದಾರಿಯೇ ಹಳ್ಳವಾಯಿತು. ಕೆಳಗಿನ ರೈತನೊಬ್ಬ ಉತ್ತು ಹದಗೊಳಿಸಿದ್ದ ಹೊಲದ ಮೇಲೆ ಕಲ್ಲುಮಣ್ಣು ಹರಡಿತು. ಆತ ನಮ್ಮನ್ನು ಬೈಯಲಿಲ್ಲ. "ಒಳ್ಳೇದು ಮಾಡಾಕೆ ಹೋದ್ರಿ ಸ್ವಾಮಿ, ನೀರನ್ನ ಒಂದು ಮಾತು ಕೇಳಲಿಲ್ಲ" ಎಂದನಷ್ಟೆ. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಬೆಟ್ಟದ ದಾರಿಗೆ ಶತ್ರು ಕಾಲಲ್ಲ, ನೀರು. ಆದುದರಿಂದ ದಾರಿಯು ಗುಡ್ಡದ ಮೈಯನ್ನು ಬಳಸಿ, ತಿರುವು ತಿರುವಾಗಿ ಏರಬೇಕು. ನೂರು ಅಡಿ ನಡೆದರೆ ಸುಮಾರು 10 ಅಡಿ ಏರುವಷ್ಟಿದ್ದರೆ ಲೇಸು. ದಾರಿಯ ಮೈ ಇಳಿಜಾರಿನ ಕಡೆಗೆ ಕೊಂಚ ವಾಲಿರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ, ಅಡ್ಡಲಾಗಿ ದಾಟಿಹೋಗುತ್ತದೆ. ಕಡಿದಾದ ಕಡೆ ಅಡ್ಡಗಲ್ಲು ಹೂಳಿ ನೀರನ್ನು ಹೊರಕ್ಕೆ ತಿರುಗಿಸಬೇಕು. ಒಳದಾರಿ ಹಿಡಿಯುವವರಿಗೆ ಮುಳ್ಳುಕೊಂಬೆ ಅಡ್ಡವಿಡಬೇಕು. ಒಬ್ಬನ ಒಳದಾರಿ ನಾಳೆ ಎಲ್ಲರ ಕೊರಕಲು.

ಒಂದೇ ಜಿಲ್ಲೆಯಾದರೂ ನೆಲ ಒಂದೇ ಬಗೆಯದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡೆದಿದ್ದಾರೆ. ಅಸಂಖ್ಯಾತ ಯಾತ್ರಿಕರ ಬರಿಗಾಲು ತಾಗಿಯೂ ಅವು ನಿಂತಿವೆ. ಮಲೆನಾಡಿಗೆ ಸಮೀಪವಾದ ಅರಕಲಗೂಡಿನ ಮಣ್ಣುಗುಡ್ಡಕ್ಕೆ ಆ ಭಾಗ್ಯವಿಲ್ಲ. ಅಲ್ಲಿ ಪ್ರತಿ ಮಳೆಗಾಲವೂ ಹೊಸ ಪರೀಕ್ಷೆ.

ಹಾಗಾದರೆ ಮಣ್ಣಿನ ದಾರಿ ಉಳಿಯುವುದು ಹೇಗೆ? ಮತ್ತೆ ಮತ್ತೆ ಬರುವ ಕೈಗಳಿಂದ. ಅಮೆರಿಕದ ಅಪಲೇಚಿಯನ್ ಕಾಲುದಾರಿಯನ್ನು 1921ರಲ್ಲಿ ಬೆಂಟನ್ ಮೆಕಾಯ್ ಎಂಬವರು ಕಲ್ಪಿಸಿದರು. 1937ರಲ್ಲಿ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಡಿತು. 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿಲೋಮೀಟರ್ ಉದ್ದದ ಆ ದಾರಿಯನ್ನು ಇಂದಿಗೂ ಬಹುಮಟ್ಟಿಗೆ ಕಾಪಾಡುತ್ತಿರುವವರು ಸ್ವಯಂಸೇವಕರೇ. ನಮ್ಮಲ್ಲಿಯೂ 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದವರಲ್ಲವೆ? ಕಟ್ಟುವುದು ಒಂದು ದಿನದ ಹಬ್ಬ. ಕಾಯುವುದು ವರ್ಷವಿಡೀ ನಡೆಯುವ ಕಾಯಕ.

ಇನ್ನೊಂದು ಮಾತನ್ನೂ ತರುಣರಿಗೆ ಹೇಳಿದೆವು. ಗುಡ್ಡ ಮೀಸಲು ಅರಣ್ಯಕ್ಕೆ ಸೇರಿದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುದ್ದಲಿ ಮುಟ್ಟಿಸಬಾರದು. ಹಳೆಯ ಬಂಡೆಯ ಮೇಲೆ ಬರಹವಿದ್ದರೆ ಉಳಿ ತಾಗಿಸಬಾರದು. ಸೇವೆಯ ಹೆಸರಿನಲ್ಲಿ ಹಾನಿಯಾದರೆ ಅದು ಸೇವೆಯಾಗದು.

ಅವರು ಕೊಂಚ ಮುಖ ಬಾಡಿಸಿಕೊಂಡೇ ಹೊರಟರು. ಬಂದವರನ್ನು ನಿರುತ್ಸಾಹಗೊಳಿಸಿದೆವೇನೋ ಎಂಬ ಅಳುಕು ನಮ್ಮನ್ನು ಬಹುದಿನ ಕಾಡಿತು.

ಮೊನ್ನೆ ಅವರಲ್ಲೊಬ್ಬ ಬಂದಿದ್ದ. ಅನುಮತಿಗೆ ಅರ್ಜಿ ಕೊಟ್ಟಿದ್ದಾರಂತೆ. ಮುಂಗಾರಿನುದ್ದಕ್ಕೂ ಗೊಪ್ಪೆ ಹೊದ್ದು ಗುಡ್ಡ ಹತ್ತಿ, ನೀರು ಹರಿಯುವ ಜಾಗಗಳಲ್ಲಿ ಗೂಟ ನೆಟ್ಟಿದ್ದಾರಂತೆ. "ಗುದ್ದಲಿ ಇನ್ನೂ ಹಿಡಿದಿಲ್ಲ ಗುರುಗಳೇ, ನೀರನ್ನು ಕೇಳುತ್ತಿದ್ದೇವೆ" ಎಂದ.

ಆಗ ಮನಸಾರೆ ಹರಸಿದೆವು. ಬಂಧುಗಳೇ, ನಿಮ್ಮೂರಿಗೂ ಒಂದು ಗುಡ್ಡವಿದ್ದೀತು. ಮನೆಯ ಮಕ್ಕಳನ್ನು ಕರೆದೊಯ್ದು, ವರ್ಷಕ್ಕೆರಡು ದಿನ ಅದರ ದಾರಿಗೆ ಕೊಡಿರಿ. ಮೊದಲ ದಿನ ಮಾತ್ರ ಮಳೆಯಲ್ಲಿ ಹೋಗಿರಿ, ಬರಿಗೈಯಲ್ಲಿ ಹೋಗಿರಿ.