ಕೂಲರಿನ ಗೊಣಗೂ ಭಂಕೂರಿನ ನೀರೂ

ವೈಶಾಖದ ಬಿಸಿಲು ಫರ್ಸಿಯ ಮಾಳಿಗೆಗಳ ಮೇಲೆ ಬೀಡುಬಿಟ್ಟು, ಉಷ್ಣಮಾಪಕದ ಪಾದರಸವು 42, 43 ಡಿಗ್ರಿಗಳ ಆಸುಪಾಸಿನಲ್ಲಿ ತಂಗತೊಡಗಿದೊಡನೆ ನಮ್ಮೂರು ಭಂಕೂರಿನ ಓಣಿಗಳಲ್ಲಿ ವಿಚಿತ್ರವಾದೊಂದು ವಾದ್ಯಗೋಷ್ಠಿ ಆರಂಭವಾಗುತ್ತದೆ. ಕಿಟಕಿಗಳಲ್ಲಿ ಕುಳಿತ ಕೂಲರುಗಳ ಪೈಕಿ ಒಂದು ಗುಂಯ್ಗುಡುತ್ತದೆ, ಇನ್ನೊಂದು ಕಟಕಟನೆ ಹಲ್ಲು ಕಡಿಯುತ್ತದೆ, ಮತ್ತೊಂದು ದಮ್ಮು ಹತ್ತಿದ ಮುದುಕನಂತೆ ಎಳೆದೆಳೆದು ಉಸಿರಾಡುತ್ತದೆ. ಮನೆಯವರು ಮೂರು ರಾತ್ರಿ ಸಹಿಸಿ, ನಾಲ್ಕನೆಯ ದಿನ ಅದನ್ನು ಭಂಗಾರದ, ಅಂದರೆ ಗುಜರಿಯ, ಗಾಡಿಗೆ ಹಾಕಿ ಹೊಸದನ್ನು ತರುವ ಮಾತೆತ್ತುತ್ತಾರೆ. ಭಂಗಾರಕ್ಕೂ ಬಂಗಾರಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರವಿರುವ ನಮ್ಮ ಸೀಮೆಯಲ್ಲಿ, ಎರಡನೆಯದನ್ನು ತೆತ್ತು ಮೊದಲನೆಯದನ್ನು ಮಾಡಿಕೊಳ್ಳುವ ಈ ಆತುರವನ್ನು ಕುರಿತೇ ನನ್ನ ತಕರಾರು.

ಈ ತಕರಾರು ನನ್ನಲ್ಲಿ ಹುಟ್ಟಿದ್ದು ಭಂಕೂರಿನಲ್ಲಲ್ಲ, ಲಂಡನ್ನಿನಲ್ಲಿ. ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆಯುವ ಪ್ರಸಂಗ ಬಂದಾಗ, ಮೊದಲ ರಾತ್ರಿಯೇ ಗೋಡೆಯೊಳಗಿಂದ ಯಾರೋ ಉಗುರಿನಿಂದ ತಟ್ಟಿದಂತೆ ಟಿಕ್ ಟಿಕ್ ಎಂಬ ಸದ್ದು ಕೇಳಿ, ನನ್ನ ಮನೆಯಾಕೆ ಎದ್ದು ಕುಳಿತು ಕುಲದೇವರನ್ನು ನೆನೆದಳು. ನಮ್ಮ ಕಡೆ ರೇಡಿಯೇಟರ್ ಎಂದರೆ ಟ್ರ್ಯಾಕ್ಟರಿನ ಮುಂಭಾಗದಲ್ಲಿದ್ದು ಎಂಜಿನ್ನಿನ ತಾಪವನ್ನು ಹೊರದೂಡುವ ಉಪಕರಣ. ಆ ದೇಶದಲ್ಲಿ ಅದು ಕೋಣೆಕೋಣೆಯ ಗೋಡೆಗೂ ತಗಲಿ ನಿಂತು ಮನುಷ್ಯನಿಗೆ ತಾಪವನ್ನು ದಾನಮಾಡುವ ಉಕ್ಕಿನ ಫಲಕ. ಒಂದು ಮೂಲೆಯಲ್ಲಿರುವ ಬಾಯ್ಲರ್ ನೀರನ್ನು ಕಾಯಿಸುತ್ತದೆ, ಪಂಪು ಅದನ್ನು ಕೊಳವೆಗಳ ಮೂಲಕ ಫಲಕಗಳಿಗೆ ಒಯ್ಯುತ್ತದೆ, ತಣಿದ ನೀರು ಮರಳಿ ಬಾಯ್ಲರನ್ನು ಸೇರುತ್ತದೆ. ಹತ್ತು ಮೀಟರ್ ಉದ್ದದ ತಾಮ್ರದ ಕೊಳವೆಯೊಂದು ಐವತ್ತು ಡಿಗ್ರಿಗಳಷ್ಟು ಕಾದರೆ ಎಂಟು ಮಿಲಿಮೀಟರಿಗಿಂತ ತುಸು ಹೆಚ್ಚಾಗಿಯೇ ಹಿಗ್ಗುವುದರಿಂದ, ನೆಲಹಲಗೆಯ ಕೆಳಗಿನ ತೊಲೆಗಳಿಗೆ ಅದು ಬಿಗಿಯಾಗಿ ತಾಗಿಕೊಂಡಿದ್ದಲ್ಲಿ ಜಾರುವಾಗಲೆಲ್ಲ ಟಿಕ್ಕೆನ್ನುತ್ತದೆ. ಮನೆಯಾಕೆಯ ಭೂತವೆಂದರೆ ಇದೇ. ತೊಲೆಗೂ ಕೊಳವೆಗೂ ನಡುವೆ ಒಂದು ಮೆತ್ತೆಯನ್ನಿಟ್ಟರೆ ಬಿಟ್ಟುಹೋಗುವ ಭೂತ.

ಎರಡನೆಯ ಸದ್ದು ಗುಳುಗುಳು. ಇದು ಫಲಕದ ನೆತ್ತಿಯಲ್ಲಿ ಸಿಕ್ಕಿಬಿದ್ದ ಗಾಳಿಯದು. ಅಂಥ ಫಲಕವು ಕೆಳಗೆ ಬೆಚ್ಚಗಿದ್ದು ಮೇಲ್ಗಡೆ ತಣ್ಣಗಿರುತ್ತದೆ. ಅಳಿಯ ಬಾಯ್ಲರನ್ನಾರಿಸಿ, ಎಲ್ಲವೂ ತಣಿದ ಮೇಲೆ, ಹೆಬ್ಬೆರಳಿನಷ್ಟು ಚಿಕ್ಕದೊಂದು ಕೀಲಿಯಿಂದ ಮೂಲೆಯ ತಿರುಪನ್ನು ಅರ್ಧ ಸುತ್ತು ಸಡಿಲಿಸಿದನು. ಬುಸ್ಸೆಂದು ಗಾಳಿ ಹೋಯಿತು. ಕೆಳಗೆ ಹಿಡಿದ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕತೊಡಗಲು ತಿರುಪನ್ನು ಮುಚ್ಚಿ, ಬಾಯ್ಲರಿನ ಒತ್ತಡವು ಒಂದರಿಂದ ಒಂದೂವರೆ ಬಾರಿನೊಳಗೆ ಇದೆಯೆಂದು ನೋಡಿಕೊಂಡನು. ಕೀಲಿಯ ಕೆಲಸ ಇಷ್ಟೇ. ಆದರೆ ಈ ಉಪಚಾರ ವಾರವಾರವೂ ಬೇಕಾಗತೊಡಗಿದರೆ ದೋಷ ಬೇರೆಡೆಯಿದೆಯೆಂದೇ ಅರ್ಥ: ಎಲ್ಲಿಯೋ ನೀರು ಸೋರುತ್ತಿದೆ, ಇಲ್ಲವೇ ಒಳಗೆ ಉಕ್ಕು ತುಕ್ಕುಹಿಡಿಯುತ್ತ ತಾನೇ ಅನಿಲವನ್ನು ಹೊರಗೆಡಹುತ್ತಿದೆ.

ನನ್ನ ಕಿವಿಯನ್ನು ನೆಟ್ಟಗೆ ಮಾಡಿದ್ದು ಮೂರನೆಯ ಸದ್ದು. ಬಾಯ್ಲರಿನ ಗರ್ಭದಿಂದ, ಚಹಾದ ಕೆಟಲು ಕುದಿಯುವ ಮುನ್ನ ಮೊರೆಯುವಂತೆ, ಗಂಭೀರವಾದೊಂದು ಗುಡುಗುಡು ಹೊರಡುತ್ತಿತ್ತು. ರಿಪೇರಿಗೆ ಬಂದ ಕುಶಲಿ ಹೇಳಿದ ಕಾರಣ ಒಂದೇ: ಸುಣ್ಣ. ಆಗ್ನೇಯ ಇಂಗ್ಲೆಂಡಿನ ನೆಲದಡಿಯಲ್ಲಿರುವುದು ಸೀಮೆಸುಣ್ಣದ ಕಲ್ಲು. ಅದರೊಳಗಿಂದ ಬಂದ ನೀರು ಕಾದಾಗ ಕರಗಿದ ಸುಣ್ಣವು ಮರಳಿ ಘನವಾಗಿ ಲೋಹದ ಗೋಡೆಗೆ ಹಕ್ಕಳೆಗಟ್ಟುತ್ತದೆ. ಹಕ್ಕಳೆಯು ತಾಪವನ್ನು ಸುಲಭವಾಗಿ ಸಾಗಗೊಡದುದರಿಂದ ಅದರಡಿಯ ಲೋಹ ಮಿತಿಮೀರಿ ಕಾಯುತ್ತದೆ; ಅಲ್ಲಲ್ಲಿ ನೀರು ಆವಿಯ ಗುಳ್ಳೆಗಳಾಗಿ ಎದ್ದು ಕುಸಿಯುತ್ತದೆ; ಆ ಕುಸಿತವೇ ಗುಡುಗು. ಅದೇ ದ್ವೀಪದ ಉತ್ತರಕ್ಕೆ, ಸ್ಕಾಟ್ಲೆಂಡಿನಲ್ಲಿ, ನೀರು ಬಹುಮಟ್ಟಿಗೆ ಮೆದುವಾದುದರಿಂದ ಈ ಉಪದ್ರವವು ವಿರಳ.

ಅಂದು ನನಗೆ ಭಂಕೂರು ನೆನಪಾಯಿತು. ಫರ್ಸಿಯೆಂದು ನಾವು ನಿತ್ಯವೂ ತುಳಿಯುವ ಶಹಾಬಾದಿ ಕಲ್ಲು, ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಪ್ರಾಚೀನ ಸ್ತರಗಳ ಸುಣ್ಣಕಲ್ಲಲ್ಲದೆ ಮತ್ತೇನು? ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಚಿಮಣಿಗಳು ಎದ್ದು ನಿಂತದ್ದು ಈ ಕಲ್ಲಿನ ಬಲದಿಂದಲೇ. ನೆಲವೇ ಸುಣ್ಣವಾಗಿರಲು, ಅದನ್ನು ಕೊರೆದು ಎತ್ತಿದ ಬೋರಿನ ನೀರು ಸುಣ್ಣವನ್ನು ಹೊತ್ತು ಬರುವುದರಲ್ಲಿ ಆಶ್ಚರ್ಯವಿಲ್ಲ. 1874ರಲ್ಲಿ ಹೈದರಾಬಾದಿನ ಹಳಿಗಳು ವಾಡಿಗೆ ಬಂದು ಕೂಡಿದ ಮೇಲೆ ಒಂದು ಶತಮಾನದ ಕಾಲ ಇಲ್ಲಿ ಓಡಾಡಿದ ಉಗಿಬಂಡಿಗಳಿಗೂ ಗಡಸು ನೀರು ಶತ್ರುವೇ ಆಗಿತ್ತು. ನಿಯತಕಾಲಕ್ಕೆ ಬಾಯ್ಲರನ್ನು ಬರಿದುಮಾಡಿ ತೊಳೆಯುವುದು ಉಗಿಬಂಡಿಯ ಲೋಕದಲ್ಲೆಲ್ಲ ಕಡ್ಡಾಯದ ಕರ್ಮವಾಗಿತ್ತು. ರೈಲಿನವರು ಎಂಜಿನ್ನಿಗೆ ಮಾಡಿದ ಉಪಚಾರವನ್ನು ನಾವು ಕೂಲರಿಗೆ ಮಾಡುವುದಿಲ್ಲ.

ವಸ್ತುತಃ ಕೂಲರಿನ ಸ್ಥಿತಿ ರೇಡಿಯೇಟರಿಗಿಂತಲೂ ಶೋಚನೀಯ. ರೇಡಿಯೇಟರಿನ ನೀರು ಮಠದೊಳಗಿನ ಯತಿಯಂತೆ. ಒಮ್ಮೆ ಹೊಕ್ಕರೆ ವರ್ಷಗಟ್ಟಲೆ ಅದೇ ಸುತ್ತಿನಲ್ಲಿರುತ್ತದೆ, ಇದ್ದ ಸುಣ್ಣವನ್ನು ಒಮ್ಮೆ ಬಿಟ್ಟುಕೊಟ್ಟರೆ ಹೊಸದು ಬಾರದು. ಕೂಲರಿನ ನೀರು ಸಂಸಾರಿ: ದಿನವೂ ಆವಿಯಾಗಿ ಹೋಗುತ್ತದೆ, ದಿನವೂ ಹೊಸದು ಬರುತ್ತದೆ, ಹೋಗುವಾಗ ಲವಣವನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತದೆ. ಕುಡಿಯುವ ನೀರಿನಲ್ಲಿ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರತಕ್ಕದ್ದೆಂದೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 600ರವರೆಗೆ ಸಹ್ಯವೆಂದೂ ಭಾರತೀಯ ಮಾನಕವು ವಿಧಿಸುತ್ತದೆ. 400 ಎಂದಿಟ್ಟುಕೊಳ್ಳಿ, ದಿನಕ್ಕೆ ನಲವತ್ತು ಲೀಟರಿನಂತೆ ಅರವತ್ತು ದಿನ ಆವಿಯಾದರೆ ಒಂದು ಕಿಲೋಗ್ರಾಮಿಗೆ ತುಸುವೇ ಕಡಮೆಯಾದ ಸುಣ್ಣವು ಆ ಪೆಟ್ಟಿಗೆಯಲ್ಲಿ ಉಳಿಯಬೇಕು. ಅದು ಪಂಪಿನ ಜಾಲರಿಯನ್ನು ಮುಚ್ಚುತ್ತದೆ, ಕೂಲರಿನ ಹುಲ್ಲನ್ನು ಕಲ್ಲಾಗಿಸುತ್ತದೆ, ಸಿಡಿದ ಹನಿಗಳ ಮೂಲಕ ಫ್ಯಾನಿನ ರೆಕ್ಕೆಗಳಿಗೂ ಹತ್ತಿ, ಒಂದು ರೆಕ್ಕೆ ಹೆಚ್ಚು, ಒಂದು ರೆಕ್ಕೆ ಕಡಮೆ ತೂಗುವಂತೆ ಮಾಡಿ, ಇಡೀ ಪೆಟ್ಟಿಗೆಯನ್ನು ನಡುಗಿಸುತ್ತದೆ.

ಆದುದರಿಂದ ಸದ್ದನ್ನು ಕೇಳಿದವನು ಮೊದಲು ಪ್ಲಗ್ಗನ್ನು ಕಿತ್ತು (ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು, ನೀರೂ ತಗಡೂ ವಿದ್ಯುತ್ತೂ ಒಂದೆಡೆ ಸೇರಿದ ಪೆಟ್ಟಿಗೆಯದು) ಒಳಗೆ ಇಣುಕಿ ನೋಡಬೇಕು. ಪಂಪು ಗುಂಯ್ಗುಡುತ್ತ ನೀರನ್ನೆತ್ತದಿದ್ದರೆ ಜಾಲರಿ ಕಟ್ಟಿದೆ. ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಯಿಟ್ಟರೆ ಸುಣ್ಣವು ನೊರೆಗುಟ್ಟಿ ಬಿಡುತ್ತದೆ. ಪೆಟ್ಟಿಗೆ ನಡುಗಿದರೆ ರೆಕ್ಕೆಗಳನ್ನು ಉಜ್ಜಿ, ಸ್ಟ್ಯಾಂಡಿನ ನಾಲ್ಕು ಕಾಲುಗಳೂ ಫರ್ಸಿಗೆ ಸಮನಾಗಿ ತಾಗಿವೆಯೇ ಎಂದು ಪರೀಕ್ಷಿಸಬೇಕು. ಕೀಚುದನಿ ಬಂದರೆ ಮೋಟಾರಿನ ಬುಷ್ಷು ಎಣ್ಣೆ ಬೇಡುತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ ವಾರಕ್ಕೊಮ್ಮೆ ತೊಟ್ಟಿಯ ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಒರೆಸಿ, ಒಣಗಿಸಬೇಕು; ಡೆಂಗಿಯ ಸೊಳ್ಳೆಗೂ ಅದರಿಂದ ತವರು ತಪ್ಪುತ್ತದೆ.

ಇಷ್ಟು ಮನೆಯವರ ಪಾಲಿನದು. ಊರಿನ ಪಾಲಿನದೂ ಇದೆ. ಬೋರಿನ ಪಕ್ಕದಲ್ಲಿ, ಈ ನೀರಿನ ಗಡಸುತನ ಇಷ್ಟು ಎಂಬ ಒಂದು ಫಲಕವನ್ನು ನೆಡಲು ಪಂಚಾಯತಿಗೆ ಎಷ್ಟು ಖರ್ಚಾದೀತು? ಐವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಸುರಿದರೆ 35,000 ಲೀಟರ್ ಮೆದುನೀರು. ಅರ್ಧ ಪೋಲಾಯಿತೆಂದರೂ ಕೂಲರಿನ ಅರವತ್ತು ದಿನಗಳ 2,400 ಲೀಟರಿಗೆ ಅದು ಯಥೇಷ್ಟ. ಮೊದಲ ಮಳೆಯನ್ನು ಹರಿಯಬಿಟ್ಟು, ಉಳಿದುದನ್ನು ಬೆಳಕು ಸೋಕದ ಮುಚ್ಚಿದ ಹೌದಿನಲ್ಲಿಟ್ಟರೆ ಬೇಸಿಗೆಯವರೆಗೂ ನಿಲ್ಲುತ್ತದೆ. ಹೊಸ ಕೂಲರಿಗೆಂದು ಎತ್ತಿಟ್ಟ ಹಣವನ್ನು ಹೌದಿಗೆ ಹಾಕಿರೆಂದು ನಾನು ಹೇಳಿದಾಗ ನೆರೆಯವರು ನಗುತ್ತಾರೆ, ನಗಲಿ.

ಹೋದ ವಾರ ನೆರೆಮನೆಯ ಕೂಲರು ಭಂಗಾರದ ಗಾಡಿಯೇರುವುದನ್ನು ಕೈಹಿಡಿದು ತಡೆದು, ಮಿಸ್ತ್ರಿಯೊಬ್ಬನನ್ನು ಕರೆಸಿದೆ. ಅವನು ತೊಟ್ಟಿಯನ್ನು ಬೋರಲು ಹಾಕಿ, ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ತಟ್ಟಲು, ಬಿಳಿಯ ಚಕ್ಕೆಗಳು ಉದುರಿ ಅಂಗಳದಲ್ಲಿ ಒಂದು ಬುಟ್ಟಿಯಷ್ಟಾದವು. "ಕಾಕಾ, ಮೋಟಾರಿಗಿ ಏನೂ ಆಗಿಲ್ರಿ, ಎಲ್ಲಾ ನೀರಿಂದೇ ತಕರಾರು ಅದ," ಎಂದನು. ಬುಟ್ಟಿಯನ್ನು ಎಲ್ಲಿ ಚೆಲ್ಲುವುದೆಂದು ಕೇಳಿದೆ. ಅವನು ಕ್ಷಣಕಾಲ ವಾಡಿಯ ದಿಕ್ಕಿಗೆ ನೋಡಿ, ನಗದೆಯೇ ಹೇಳಿದನು: "ಚೆಲ್ಲಬ್ಯಾಡ್ರಿ, ಫ್ಯಾಕ್ಟರಿಯವರು ತಗೋತಾರೇನೋ ಕೇಳ್ರಿ."